ಆ ಬೀಡು ಪೈಪು ಕೀಳಿಸಬೇಡಿ, ಹೊಟ್ಟೆಕಿಚ್ಚು ನನ್ನದು

ಮಾನ್ಯ ಕಾರ್ಯಪಾಲಕ ಇಂಜಿನಿಯರ್ ಅವರೇ,

ಅರಸೀಕೆರೆಯ ನಮ್ಮ ನೌಕರರ ವಸತಿಗೃಹದಲ್ಲಿ, ಹಳೆಯ ಬ್ಲಾಕಿನ ಬೀಡು ಕಬ್ಬಿಣದ ಪೈಪುಗಳನ್ನು ಕಿತ್ತು ಹೊಸ ಬ್ಲಾಕಿನಂತೆಯೇ ಪ್ಲಾಸ್ಟಿಕ್ ಹಾಕಲು ಆದೇಶಿಸಿದ್ದೀರಿ. ಕಾರಣ ನನ್ನ ಅರ್ಜಿ. "ಎರಡೂ ಬ್ಲಾಕಿಗೆ ಒಂದೇ ಸೌಲಭ್ಯ ಕೊಡಿ" ಎಂದು ಬರೆದಿದ್ದೆ. ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದಿರಿ.

ಆ ಅರ್ಜಿ ಹುಟ್ಟಿದ್ದೇ ಹೊಟ್ಟೆಕಿಚ್ಚಿನಿಂದ. ನಾನು ಹೈಸ್ಕೂಲ್ ಶಿಕ್ಷಕಿ, ಹೊಸ ಬ್ಲಾಕಿನವಳು. ಹೋದ ತಿಂಗಳು ನಮ್ಮತ್ತೆಯವರ ತಿಥಿ. ಅಡುಗೆ ಅರ್ಧ ಆಗಿತ್ತು. ಮೇಲಿನ ಮನೆಯ ಕಕ್ಕಸಿನ ಪೈಪು ನಮ್ಮ ಒಲೆಯ ನೆತ್ತಿಯ ಮೇಲೇ ಹಾದುಹೋಗುತ್ತದೆ. ಯಾವ ಮಹನೀಯರ ನಕ್ಷೆಯೋ ಕಾಣೆ. ಅದರ ಜಾಯಿಂಟ್ ಬಿಟ್ಟು ಹೊಲಸು ನೀರು ಅನ್ನದ ಮೇಲೆ, ಹುಳಿಯ ಮೇಲೆ ಸುರಿಯಿತು. ನಾನು ಕಿರುಚಿಕೊಂಡೆ.

ಹಳೆಯ ಬ್ಲಾಕಿನ ರಮಾ ಓಡಿಬಂದರು. ತಾಲ್ಲೂಕು ಕಚೇರಿಯಲ್ಲಿ ಕೆಲಸ, ಬೌದ್ಧ ಮನೆತನ. "ನಮ್ಮನೇಲಿ ಮಾಡ್ಕೊಳ್ಳಿ ಟೀಚರ್. ನಿಮಗೆ ಆಗೋದಾದ್ರೆ" ಎಂದು, ಮಡಿಯುಟ್ಟು ನಿಂತಿದ್ದ ನಮ್ಮ ಯಜಮಾನರ ಮುಖ ನೋಡಿದರು. ರಮಾ ಅವರ ಕೇರಿಯ ನೀರನ್ನು ನಮ್ಮತ್ತೆ ಜೀವಮಾನದಲ್ಲಿ ಮುಟ್ಟಿದವರಲ್ಲ. ಯಜಮಾನರು ಗಡಿಯಾರ ನೋಡಿ, "ಅಮ್ಮನಿಗೆ ಹೊತ್ತು ಮೀರಬಾರದು. ಪಾತ್ರೆ ಎತ್ಕೋ" ಎಂದರು.

ರಮಾ ಅವರ ಒಲೆಯಲ್ಲೇ ಎಡೆಯ ಅನ್ನ ಬೆಂದಿತು. ನಮ್ಮ ಪ್ಲಾಸ್ಟಿಕ್ ಪೈಪಿನ ಗೊರಗೊರ ಕೇಳಿದ ಕಿವಿಗೆ ಆ ಅಡುಗೆಮನೆಯಲ್ಲಿ ಎಂಥ ನಿಶ್ಶಬ್ದ. ನೆತ್ತಿಯ ಮೇಲೆ ತೋಳು ದಪ್ಪದ ಕಪ್ಪು ಪೈಪು.

"ಮೇಲಿನವರು ಊರಲ್ಲಿಲ್ವಾ?" ಎಂದೆ.

"ಆರು ಜನ ಇದಾರೆ ಟೀಚರ್. ಬೀಡು ಪೈಪಲ್ವಾ, ಸದ್ದೇ ಕೇಳಲ್ಲ. ಹದಿನಾರು ವರ್ಷದಲ್ಲಿ ಒಂದು ಹನಿ ಸೋರಿಲ್ಲ."

ಒಲೆ ಕೊಟ್ಟ ಮನೆಯ ಮೇಲೇ ನನ್ನ ಕಣ್ಣು ಬಿತ್ತು. ಸಂಜೆ ಅರ್ಜಿ ಬರೆದೆ.

ಮೊನ್ನೆ ಅಳತೆಗೆ ಬಂದ ಪ್ಲಂಬರ್ ಗಂಗಯ್ಯ, "ಇದನ್ನ ಕೀಳಾಕೆ ಕೈ ಬರಾಕಿಲ್ಲ ಕಣವ್ವ. ಇಲಿ ಕಡಿಯಾಕಿಲ್ಲ, ಬಿಸಿನೀರಿಗೆ ಜೋಲಾಕಿಲ್ಲ, ಬೆಂಕಿ ಬಿದ್ರೂ ಹತ್ತಾಕಿಲ್ಲ. ಇನ್ನೂ ನಲವತ್ತು ವರ್ಸದ ಆಯಸ್ಸೈತೆ" ಎಂದ. ಪ್ಲಂಬರಿಗೆ ತಿಳಿದದ್ದು ತಮ್ಮ ಕಚೇರಿಗೆ ತಿಳಿಯದೇ? ಸಮಾನತೆ ಎಂದರೆ ಸೋರದ ಮನೆಯನ್ನೂ ಸೋರಿಸುವುದೇ?

"ಯಾರು ಅರ್ಜಿ ಕೊಟ್ರೋ ಟೀಚರ್" ಎಂದು ರಮಾ ನನ್ನನ್ನೇ ಕೇಳಿದರು. ನಾನು ಏನೋ ನೆಪ ಹೇಳಿ ಮನೆಯೊಳಗೆ ಹೋದೆ. ಅವರೂ ಓದಲೆಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಆದೇಶ ಹಿಂಪಡೆಯಿರಿ. ಅವರ ಪೈಪು ಅವರಿಗಿರಲಿ, ನಮಗೂ ಅಂಥದ್ದೇ ಹಾಕಿಸಿ. ಅಲ್ಲಿಯವರೆಗೆ ನನ್ನ ಹೊಟ್ಟೆ ಉರಿಯುತ್ತಲೇ ಇರುತ್ತದೆ, ಸುಳ್ಳೇಕೆ ಹೇಳಲಿ.

ಇಂತಿ,
ತನ್ನ ಅರ್ಜಿಗೆ ತಾನೇ ತಕರಾರು ಹೂಡಿರುವ
ವೇದವಲ್ಲಿ