ಮೂರು ಕಂಪ್ಯೂಟರು, ಒಂದು ಪತ್ರಿಕೆ

ದಿಲ್‌ಸುಖ್‌ನಗರ, ಹೈದರಾಬಾದ್
12 ಜೂನ್ 2024

ಮುದ್ದಿನ ಹರ್ಷದಾ,

ಹೇಗಿದ್ದೀಯ? ವಿಮಾನ ನಿಲ್ದಾಣದ ಆ ಏಸಿಯಲ್ಲಿ ದಿನವಿಡೀ ನಿಂತು ಕಾಲುನೋವು ಹೆಚ್ಚಾಗಿಲ್ಲ ತಾನೆ? ಶೀತವಾದರೆ ಮೆಣಸಿನ ಕಷಾಯ ಮಾಡಿಕೊಂಡು ಕುಡಿ, ಗುಳಿಗೆ ನುಂಗುತ್ತ ಕೂರಬೇಡ. ಅಮೋಲ್ ಚೆನ್ನಾಗಿದ್ದಾನೆಯೇ? ಇದನ್ನು ನಾನು ಕೇಳುತ್ತಿರುವುದು ಇದೇ ಮೊದಲು, ಗೊತ್ತು. ಹುಬ್ಬೇರಿಸಬೇಡ. ನೀವಿರುವ ಶಂಶಾಬಾದ್ ಇಲ್ಲಿಂದ ಒಂದು ತಾಸಿನ ದಾರಿ. ಆದರೂ ನಿನ್ನ ಮದುವೆಯಾಗಿ ಎರಡು ವರ್ಷವಾಯಿತು, ನಾನು ನಿನ್ನ ಮುಖ ನೋಡಿಲ್ಲ. ತಪ್ಪು ನನ್ನದೇ. ಅಮೋಲನನ್ನು ನೀನೇ ಆರಿಸಿಕೊಂಡೆ ಎಂಬ ಸಿಟ್ಟಿಗೆ, ಊರವರ ಮದುವೆಗೆಲ್ಲ ಪತ್ರಿಕೆ ಮಾಡಿಕೊಡುವವಳು ನಾನು, ಹೊಟ್ಟೆಯ ಮಗಳು ಬಂದು ಕೇಳಿದಾಗ "ನಿನ್ನ ಲಗ್ನಪತ್ರಿಕಾ ನನ್ನ ಕೈಲೆ ಆಗೂದಿಲ್ಲ, ಹೊರಗ ಮಾಡಿಸ್ಕೋ" ಅಂದುಬಿಟ್ಟೆ. ನೀನು ಹೊರಗೂ ಮಾಡಿಸಲಿಲ್ಲ. ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಹೊರಟುಹೋದೆ.

ಈಗ ನಮ್ಮ ಮನೆಯಂಗಡಿಯ ಸುದ್ದಿ. ಪತ್ರಿಕೆ ಟೈಪ್ ಮಾಡುವ ಡಿಟಿಪಿಯ ಹಳೆಯ ವಿಂಡೋಸ್ ಕಂಪ್ಯೂಟರಿಗೆ ಮುಪ್ಪು ಬಂದಿದೆ. ಕಂಪ್ಯೂಟರ್ ಮಾರುವ ಮಲ್ಲಣ್ಣ "ಅಕ್ಕಾರ, ಎರಡು ವಾರ ಇಟ್ಕೊಂಡು ನೋಡ್ರಿ, ಆಮ್ಯಾಲ ಹೇಳ್ರಿ" ಎಂದು ಒಂದು ಮ್ಯಾಕ್, ಒಂದು ಲಿನಕ್ಸ್ ಹಾಕಿದ ಯಂತ್ರ ತಂದಿಟ್ಟುಹೋದ. ಊಟದ ಮೇಜಿನ ಮೇಲೆ ಮೂರೂ ಬೀಗರ ಹಾಗೆ ಸಾಲಾಗಿ ಕೂತಿವೆ, ನಾವಿಬ್ಬರು ನೆಲದ ಮೇಲೆ ಉಣ್ಣುತ್ತೇವೆ. ನಿನ್ನ ಅಪ್ಪ ಸರ್ಕಾರಿ ನೌಕರಿಯಿಂದ ನಿವೃತ್ತರಾದರೂ ಕಾಲಂ ಎಳೆಯುವ ಚಟ ಬಿಟ್ಟಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ, ಕೈಗಡಿಯಾರ ಬಿಚ್ಚಿಟ್ಟುಕೊಂಡು ಸೆಕೆಂಡು ಬರೆಯುತ್ತಾರೆ. ನನ್ನ ಗಡಿಯಾರ ಕುಕ್ಕರ್ ಸೀಟಿ.

ಪರೀಕ್ಷೆಗೆ ಒಂದೇ ಪತ್ರಿಕೆ ಇಟ್ಟುಕೊಂಡೆ. ಬಂಗಾರದ ಅಂಚು, ಗಣಪತಿ, ಎರಡು ನವಿಲು, ಫೈಲು ಬಹಳ ಭಾರ. ನಮ್ಮ ಹಳೆಯದು ಅದನ್ನು ತೆರೆಯುವಷ್ಟರಲ್ಲಿ ಎರಡು ಸೀಟಿಯಾಯಿತು, ಆದರೆ ಒಂದಕ್ಷರವೂ ಅಲುಗಿರಲಿಲ್ಲ. ಮ್ಯಾಕಿನಲ್ಲಿ ನಾನು ಒಲೆ ಹಚ್ಚುವ ಮೊದಲೇ ಪುಟ ಎದುರಿಗಿತ್ತು. ನವಿಲಿನ ಬಣ್ಣ ಪರದೆಯಲ್ಲಿ ಕಂಡಂತೆಯೇ ಕಾಗದಕ್ಕೂ ಬಂತು. ಕನ್ನಡ ಇದ್ದಲ್ಲೆಲ್ಲ ಮಾತ್ರ ಇಂಗ್ಲಿಷ್ ಅಕ್ಷರ, ಪ್ರಶ್ನೆಚಿಹ್ನೆ! ಲಿನಕ್ಸ್ ಒಂದು ಸೀಟಿಗೆ ತೆರೆಯಿತು, ಬಂಗಾರದ ಅಂಚು ಅರ್ಧ ಬೆರಳು ಸರಿದಿತ್ತು, ಕನ್ನಡದ್ದು ಅಲ್ಲೂ ಅದೇ ಗತಿ. ನಮ್ಮ ಹಳೆಯ ಫಾಂಟು ಹೊಸ ಯಂತ್ರಗಳಿಗೆ ತಿಳಿಯುವುದಿಲ್ಲವಂತೆ, ಎಲ್ಲ ಯಂತ್ರಕ್ಕೂ ತಿಳಿಯುವ ಯೂನಿಕೋಡಿನಲ್ಲಿ ಮೊದಲಿನಿಂದ ಟೈಪ್ ಮಾಡಬೇಕಂತೆ. ನನಗೆ ತಲೆಕೆಟ್ಟಿತು. "ಬ್ಯಾರೆ ಪತ್ರಿಕಾ ಇಲ್ಲೇನು? ಇದೊಂದಕ್ಕ ಯಾಕ ಇಷ್ಟ್ ಒದ್ದಾಡ್ತೀ?" ಅಂದರು ನಿನ್ನ ಅಪ್ಪ. ನಾನು ಕೂತು ಎಲ್ಲ ಹೊಸದಾಗಿ ಟೈಪ್ ಮಾಡಿದೆ. ಆಮೇಲೆ ಮೂರರಲ್ಲೂ ಕನ್ನಡ ಚೆನ್ನಾಗಿಯೇ ಬಂತು. ಅವರ ಓಟು ಮ್ಯಾಕಿಗೆ. ನಾನಿನ್ನೂ ತೀರ್ಮಾನಿಸಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪ ನಿಮ್ಮಿಬ್ಬರಿಗೂ ಆಶೀರ್ವಾದ ತಿಳಿಸಿದ್ದಾರೆ, ನನ್ನದೂ ಸೇರಿಸಿಕೋ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಸಿಡುಕಿ ಅಮ್ಮ,
ಮೃಣಾಲಿನಿ

ತಾ.ಕ.: ಫೋನು ಬಿಟ್ಟು ಕಾಗದ ಯಾಕೆ ಅಂತೀಯಾ? ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ನೋಡು. ಪರೀಕ್ಷೆಗೆ ಇಟ್ಟಿದ್ದು ನಿನ್ನದೇ ಪತ್ರಿಕೆ. ನೀನು ಅಳುತ್ತ ಹೋದ ದಿನವೇ ಮಾಡಲು ಕೂತಿದ್ದೆ. "ಚಿ. ಸೌ. ಹರ್ಷದಾ" ತನಕ ಬಂದು, ವರನ ಹೆಸರಿಗೆ ಕೈ ಏಳದೆ ಮುಚ್ಚಿಟ್ಟಿದ್ದೆ. ಈ ಸಲ ಮೊದಲಿನಿಂದ ಟೈಪ್ ಮಾಡುವಾಗ ಕೈ ಅಲ್ಲಿ ನಿಲ್ಲಲಿಲ್ಲ. ನಾಲ್ಕು ಮೂಲೆಗೆ ಅರಿಶಿಣ ಹಚ್ಚಿ, ದೇವರ ಮುಂದೆ ಇಟ್ಟು, ಆಮೇಲೆ ಲಕೋಟೆಗೆ ಹಾಕಿದ್ದೇನೆ. ನಮ್ಮ ಮನೆಯಲ್ಲೇ ನಾಲ್ಕು ಜನರನ್ನು ಕರೆದು ಒಂದು ಆರತಕ್ಷತೆ ಆಗಲಿ. ತಾರೀಖಿನ ಜಾಗ ಖಾಲಿ ಬಿಟ್ಟಿದ್ದೇನೆ. ಇಪ್ಪತ್ಮೂರಕ್ಕೆ ಮಲ್ಲಣ್ಣ ಯಂತ್ರ ಒಯ್ಯುತ್ತಾನೆ, ಅಷ್ಟರೊಳಗೆ ಇಬ್ಬರೂ ಬನ್ನಿ, ಎದುರಿಗೇ ಟೈಪ್ ಮಾಡುತ್ತೇನೆ. ಕೆಳಗೆ ಇನ್ನೊಂದು ಸಾಲೂ ಖಾಲಿ ಇದೆ. ಅದು ಅಮೋಲನ ತಾಯಿ ತಂದೆಯರದ್ದು. ಎರಡು ವರ್ಷದಲ್ಲಿ ಅವರ ಹೆಸರೇನೆಂದು ನಾನು ಒಮ್ಮೆಯೂ ಕೇಳಿಲ್ಲ, ಮಗಳೇ.