ಫರ್ಹಾನನ ಜಾಗ, ಕಿಶೋರನ ಜೆರ್ಸಿ

ಮಾನ್ಯ ಆಯ್ಕೆ ಸಮಿತಿ ಅಧ್ಯಕ್ಷರೇ,

ಕಾರ್ಕ್ ನಗರದ ಪಕ್ಕದ ಲಿಟಲ್ ಐಲ್ಯಾಂಡ್ ಕನ್ನಡಿಗರ ಕೆನಡಿಯನ್ ಫುಟ್‌ಬಾಲ್ ತಂಡದಲ್ಲಿ ಫರ್ಹಾನ್ ಬಿಟ್ಟುಹೋದ ಜಾಗಕ್ಕೆ ನೀವು ನನ್ನನ್ನು ಕೈಬಿಟ್ಟು ಕಿಶೋರನನ್ನು ಆರಿಸಿದ್ದೀರಿ. ಕಾರಣ ಕೇಳಿದರೆ, ಫರ್ಹಾನನ ಜೆರ್ಸಿ ಕಿಶೋರನ ಮೈಗೆ ಸರಿಯಾಗಿ ಕೂರುತ್ತದೆ ಎಂದಿರಿ. ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಈ ಪತ್ರ ಬರೆದು ತಂಡದ ವಾಟ್ಸಾಪ್ ಗ್ರೂಪಿಗೇ ಹಾಕುತ್ತಿದ್ದೇನೆ, ಎಲ್ಲರೂ ಓದಲಿ.

ಫರ್ಹಾನ್ ಎಂಥ ಆಟಗಾರ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚೆಂಡನ್ನು ಎದೆಗೆ ಅವಚಿಕೊಂಡು ಎದುರಾಳಿಗಳ ನಡುವೆ ನುಗ್ಗುವ ಆ ರನ್ನಿಂಗ್ ಬ್ಯಾಕ್ ಕೆಲಸವನ್ನು ನಾಲ್ಕು ಸೀಸನ್ ಒಬ್ಬನೇ ಮಾಡಿದ. ಹೆಂಡತಿ ಮಲಿಕಾಗೆ ದೂರದ ಲೆಟರ್‌ಕೆನ್ನಿ ಊರಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಸಂಸಾರ ಸಮೇತ ಹೊರಟಾಗ ಅವನ ಫ್ರಿಜ್ಜನ್ನು ಮೂರು ಮಹಡಿ ಹೊತ್ತಿಳಿಸಿದವನು ನಾನು. ಅವತ್ತು ನಿಮ್ಮ ಕಿಶೋರ ಹೊತ್ತದ್ದು ಒಂದು ಲ್ಯಾಂಪ್‌ಶೇಡ್. ಎದುರಾಳಿಯ ಭಾರ ಹೊರುವ ಯೋಗ್ಯತೆ ಯಾರಿಗಿದೆ ಅಂತ ತಿಳಿಯಲು ಸಮಿತಿಗೆ ಇನ್ನೇನು ಬೇಕಿತ್ತು?

ಗೊತ್ತು, ನೀವು ಹೋದ ತಿಂಗಳ ಮ್ಯಾಚಿನ ವಿಷಯ ಎತ್ತುತ್ತೀರಿ. ಎತ್ತುವುದು ಬೇಡ, ನಾನೇ ಹೇಳುತ್ತೇನೆ. ಗ್ರ್ಯಾಂಡ್ ಕೆನಾಲ್ ಡಾಕ್ ತಂಡದ ಮೇಲೆ ಆಟ, ಫರ್ಹಾನ್ ಇಲ್ಲದ ಮೊದಲ ಪಂದ್ಯ, ಚೆಂಡು ನನ್ನ ಕೈಗೆ ಬಂತು. ಸ್ವಾಮೀ, ನಾನು ಮದ್ದೂರಿನ ಕಡೆ ಹನ್ನೊಂದು ವರ್ಷ ಕಬಡ್ಡಿ ಆಡಿದವನು. ಎದುರು ನಾಲ್ಕು ಜನ ಅಡ್ಡ ನಿಂತದ್ದು ಕಂಡದ್ದೇ ಉಸಿರು ಕಟ್ಟಿಕೊಂಡೆ. ಒಬ್ಬನ ಭುಜ, ಒಬ್ಬನ ಮೊಣಕೈ, ಇನ್ನಿಬ್ಬರ ಹೆಲ್ಮೆಟ್ ಮುಟ್ಟಿದೆ. ನಾಲ್ವರನ್ನೂ ಮುಟ್ಟಿದ ಮೇಲೆ ಮನುಷ್ಯ ಏನು ಮಾಡಬೇಕು? ತಿರುಗಿ ತನ್ನ ಗೆರೆಗೆ ಬರಬೇಕು. ಬಂದೆ. ಅರವತ್ತು ಗಜ ಬಂದೆ. ನಮ್ಮವರೆಲ್ಲ ಬಾಯಿ ಬಡಕೊಳ್ಳುತ್ತಿದ್ದರು, ನಾನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡೆ. ನಮ್ಮದೇ ಕೊನೆಯ ಗೆರೆ ದಾಟಿ ಬಿದ್ದು, ನಾಲ್ಕು ಬೆರಳೆತ್ತಿ ರೆಫರಿಗೆ ತೋರಿಸಿದೆ. ಅವರು ಎದುರಾಳಿಗೆ ಎರಡು ಪಾಯಿಂಟ್ ಕೊಟ್ಟರು. ನಾವು ಒಂದು ಪಾಯಿಂಟಿನಿಂದ ಸೋತೆವು.

ತಪ್ಪಾಯಿತು, ಒಪ್ಪುತ್ತೇನೆ. ಆದರೆ ಅಧ್ಯಕ್ಷರೇ, ಎಂಟು ವರ್ಷ ಕೆನಡಾದಲ್ಲಿದ್ದು ಈ ಆಟವನ್ನು ಇಲ್ಲಿಗೆ ತಂದವರು ನೀವು. ನೀವೇ ಹೇಳಿ, ಆ ಅರವತ್ತು ಗಜದಲ್ಲಿ ನನ್ನನ್ನು ಯಾರಾದರೂ ಹಿಡಿದರೇ? ಎದುರಾಳಿಗಳೂ ಹಿಡಿಯಲಿಲ್ಲ, ಅಡ್ಡ ಹಾಕಲು ಬಂದ ನಮ್ಮ ಐದು ಜನರೂ ಹಿಡಿಯಲಿಲ್ಲ. ನನಗೆ ವೇಗ ಇದೆ, ದಿಕ್ಕು ಒಂದು ಇಲ್ಲ. ದಿಕ್ಕನ್ನು ಕಲಿಸಬಹುದು. ಕಿಶೋರನಿಗೆ ವೇಗವನ್ನು ಯಾವ ಜೆರ್ಸಿ ಕಲಿಸುತ್ತದೆ? ಫರ್ಹಾನ್ ಫೋನ್ ಮಾಡಿ ಏನಂದ ಗೊತ್ತೇ? "ಚಾಮಣ್ಣಾ, ನಾನೂ ಒಂದೇ ಸಲ ನಾಲ್ಕು ಮಂದೀನ ತಪ್ಪಿಸಿಲ್ಲ ನೋಡ್ರಿ. ಮುಖ ಒಂದು ಆ ಕಡೆ ಮಾಡ್ರಿ, ಮುಗೀತು." ಹುಬ್ಬಳ್ಳಿಯವನು, ಮುಖಸ್ತುತಿ ಅವನಿಗೆ ಬರುವುದಿಲ್ಲ.

ಈಗ ನಿಜವಾದ ಸಂಗತಿ ಹೇಳಿಬಿಡುತ್ತೇನೆ. ನನ್ನ ಮಗಳು ವಂದನಾಗೆ ಒಂಬತ್ತು ವರ್ಷ. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಕಾರ್ಕ್ ಇಂಗ್ಲಿಷಿನಲ್ಲಿ. ಅವತ್ತು ಅವಳೂ ಬಂದಿದ್ದಳು. ಮನೆಗೆ ಬರುವಾಗ ಕಾರಿನಲ್ಲಿ "ನೋಬಡಿ ಕಾಟ್ ಯೂ, ಅಪ್ಪಾ. ಯೂ ವರ್ ಗ್ರ್ಯಾಂಡ್" ಅಂದಳು. ಈ ದೇಶದಲ್ಲಿ ಚಹಾಕ್ಕೂ ಗ್ರ್ಯಾಂಡ್, ಮಳೆಗೂ ಗ್ರ್ಯಾಂಡ್ ಅಂತಾರೆ, ಪರವಾಗಿಲ್ಲ ಅನ್ನುವಷ್ಟೇ ಅರ್ಥ, ಬಲ್ಲೆ. ಆದರೂ ನನ್ನ ಕಣ್ಣು ಒದ್ದೆಯಾಯಿತು. ಈ ಶನಿವಾರ ಅಪ್ಪ ಸರಿಯಾದ ಕಡೆ ಓಡುತ್ತಾರೆ ಅಂತ ಅವಳು ತನ್ನ ಇಡೀ ಕ್ಲಾಸಿಗೆ ಹೇಳಿಟ್ಟಿದ್ದಾಳೆ. ಬೆಂಚಿನ ಮೇಲೆ ನೀರಿನ ಬಾಟಲಿ ಕಾಯುತ್ತಾ ಕೂತ ಅಪ್ಪನನ್ನು ಅವರಿಗೆಲ್ಲ ಹೇಗೆ ತೋರಿಸಲಿ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶನಿವಾರ ಫರ್ಹಾನನ ಜಾಗದಲ್ಲಿ ನನ್ನನ್ನು ಇಳಿಸಿ. ಜೆರ್ಸಿ ಬಿಗಿಯಾದರೆ ಪಕ್ಕದ ಹೊಲಿಗೆ ಬಿಚ್ಚಿಕೊಳ್ಳುತ್ತೇನೆ. ಎದುರಾಳಿಯ ಗೆರೆಯ ಆಚೆ ವಂದನಾ ತನ್ನ ಹಳದಿ ರೇನ್‌ಕೋಟ್ ಹಾಕಿಕೊಂಡು ನಿಲ್ಲುತ್ತಾಳೆ. ಯಾರನ್ನೇ ಮುಟ್ಟಲಿ, ಎಷ್ಟೇ ಜನರನ್ನು ಮುಟ್ಟಲಿ, ಅವಳು ಆ ಕಡೆ ಇದ್ದರೆ ನಾನು ಈ ಕಡೆ ತಿರುಗುವುದಿಲ್ಲ. ಕ್ವಾರ್ಟರಿಗೊಮ್ಮೆ ತಂಡಗಳು ದಿಕ್ಕು ಬದಲಿಸುತ್ತವೆ ಅಂತ ನೀವು ಆಕ್ಷೇಪಿಸಬಹುದು. ಅದಕ್ಕೂ ವ್ಯವಸ್ಥೆಯಾಗಿದೆ, ಅವಳ ಹತ್ತಿರ ಸೈಕಲ್ ಇದೆ. ಒಂದೇ ಒಂದು ವಿನಂತಿ: ಆಟದ ನಡುವೆ ದಯವಿಟ್ಟು ಯಾರೂ ಅವಳನ್ನು ಐಸ್‌ಕ್ರೀಮ್ ಕೊಡಿಸುತ್ತೇವೆಂದು ಬೇರೆ ಕಡೆ ಕರೆದುಕೊಂಡು ಹೋಗಬೇಡಿ. ಅವಳು ಎಲ್ಲಿರುತ್ತಾಳೋ ನಾನು ಚೆಂಡು ಹಿಡಿದು ಅಲ್ಲಿಗೇ ಓಡುತ್ತೇನೆ.

ಇಂತಿ,
ಇನ್ನೂ ಯಾರ ಕೈಗೂ ಸಿಕ್ಕಿಬೀಳದ,
ಸದ್ಯಕ್ಕೆ ನೀರಿನ ಬಾಟಲಿಗಳ ಉಸ್ತುವಾರಿ
ಚಾಮರಾಜ