ಚಂದ್ರಲೋಕದ ಸೊಸೆಯ ಕತೆ ನೀನೇ ಓದು

ಶಂಕರಿ,

ನೀನು ನೀರಿಗೆ ಹೋಗಿದ್ದೀಯ, ಬಸ್ಸು ನನಗಾಗಿ ಕಾಯುವುದಿಲ್ಲ. ನೇಯ್ದ ಸೀರೆಗಳನ್ನು ಮೈಸೂರಿನಲ್ಲಿ ಕೊಟ್ಟು ಶನಿವಾರ ಬರುತ್ತೇನೆ. ನಿನ್ನೆ ಹಾಲು ಉಕ್ಕಿಸಿದ್ದು ನಾನೇ ಎಂದು ಅವ್ವನಿಗೆ ಹೇಳಿದ್ದೇನೆ, ನೀನು ಸುಮ್ಮನಿರು.

ಇವತ್ತು ವಾರಪತ್ರಿಕೆ ಬರುತ್ತದೆ. ಅವ್ವ ರಾಟೆಯ ಮುಂದೆ ಕೂತ ಮೇಲೆ ಚಂದ್ರಲೋಕದ ಧಾರಾವಾಹಿಯನ್ನು ಈ ವಾರ ನನ್ನ ಬದಲು ನೀನೇ ಓದಿ ಹೇಳಬೇಕು. ನನಗಂತೂ ಈ ಎರಡನೆಯ ಭಾಗ ಸೇರುತ್ತಿಲ್ಲ. ಮೊದಲ ಭಾಗದಲ್ಲಿ ರಾಕೆಟ್ಟು ಹಾರಿದಾಗೆಲ್ಲ ನಾನು ತಂಬಿಗೆಯೊಳಗೆ ಬಾಯಿಟ್ಟು ಎಷ್ಟು ಚೆನ್ನಾಗಿ ಗುಡುಗುತ್ತಿದ್ದೆ! ಈಗ ರಾಕೆಟ್ಟನ್ನು ಮೂಲೆಗೆ ನಿಲ್ಲಿಸಿ, ಚಂದ್ರನ ಮೇಲೂ ಅತ್ತೆಯೊಬ್ಬಳು ಸೊಸೆಯನ್ನು ಮಾತಾಡಿಸದೆ ಮುಖ ಊದಿಸಿಕೊಂಡಿದ್ದಾಳೆ. ಗ್ರಹದ ಕತೆ ಗೃಹದ ಕತೆಯಾಗಿ ನನ್ನ ಗ್ರಹಚಾರವಾಯಿತು.

ಆದರೆ ರಾಕೆಟ್ಟಿಗೆ ತೂಕಡಿಸುತ್ತಿದ್ದ ಅವ್ವ ಕಳೆದ ವಾರ ರಾಟೆ ನಿಲ್ಲಿಸಿ, “ಆ ಮುದ್ಕಿ ಮನೆ ಕಾಯ್ವೋಗ! ಊರು ಬುಟ್ಟು ಬಂದ ಎಣ್ಣ ಇಂಗಾ ನೋಡದು? ಒಂದ್ ಮಾತಾಡ್ಸುದ್ರೆ ಬಾಯಿ ಸವ್ದೋದದಾ? ಮುಂದಕ್ಕೆ ಓದ್ಲಾ” ಅಂದಳು. ನಗು ತಡೆಯಲಾರದೆ ತಂಬಿಗೆಯೊಳಗೆ ಮುಖ ಹಾಕಿದೆ. ನೀನು ತವರೂರು ಅಗರದಿಂದ ಈ ಮನೆಗೆ ಸೊಸೆಯಾಗಿ ಬಂದು ಆರು ತಿಂಗಳಾದರೂ ನಿಮ್ಮಿಬ್ಬರ ಮಾತಿಗೆ ನಾನೇ ಅಂಚೆಯವನಲ್ಲವೇ!

ಅತ್ತೆಯ ಮಾತನ್ನು ಮಾತ್ರ ಅವ್ವನ ದನಿಯಲ್ಲಿ ಓದಬೇಡ. ಅದು ನನ್ನ ಕಸುಬು, ಏಟು ತಿಂದು ಅಭ್ಯಾಸವಿದೆ. ಸೊಸೆಯ ಮಾತನ್ನು ನಿನ್ನ ದನಿಯಲ್ಲೇ ಓದು. ನಡುವೆ ನಿಲ್ಲಿಸಿ ನಿಧಾನವಾಗಿ ನೀರು ಕುಡಿ. “ಆಮೇಕೆ ಏನಾಯ್ತವ್ವಾ?” ಎಂದು ಅವ್ವ ನಿನ್ನನ್ನೇ ಕೇಳಲಿ. ಅಷ್ಟಾದರೆ ರಾಕೆಟ್ಟು ಆ ಮೂಲೆಯಲ್ಲೇ ತುಕ್ಕು ಹಿಡಿಯಲಿ, ನನಗೆ ಬೇಸರವಿಲ್ಲ.

ಕೆಲಸ ಕಳೆದುಕೊಳ್ಳಲು ಕಾಯುತ್ತಿರುವ
ನಿನ್ನ ಅಂಚೆಯವ